ವೋಟು ಕೇಳಲು ಬಂದವಳು ರೊಕ್ಕವನ್ನೂ ಕೇಳಿದಳು

ತಾಯಂದಿರೇ, ಅಕ್ಕಂದಿರೇ, ಸ್ವಲ್ಪ ಮುಂದೆ ಬನ್ನಿ. ಹಿಂದೆ ಕಂಬಕ್ಕೆ ಒರಗಿ ಕೂತವರೂ ಬನ್ನಿ. ಇವತ್ತಿನ ಮಾತು ದಾನದ ಮೇಲೆ. ದಾನ ಎಂದ ಕೂಡಲೇ ನಾಲ್ಕು ಜನ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಿರಿ, ನನಗೆ ಇಲ್ಲಿಂದಲೇ ಕಾಣಿಸಿತು! ಹೆದರಬೇಡಿ. ಇವತ್ತು ಮಠದ ಜೋಳಿಗೆ ಹಿಡಿದು ಬಂದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ಕೈ ಎತ್ತಿ ಹೇಳಿ. ಗುಡಿಗೆ, ಮಠಕ್ಕೆ ಕೊಟ್ಟವರು ಎಷ್ಟು ಮಂದಿ? ನೋಡಿ, ಎಲ್ಲರ ಕೈಯೂ ಮೇಲಿದೆ. ಪಕ್ಕದ ಮನೆಯ ಮದುವೆಗೆ ಮುಯ್ಯಿ ಮಾಡಿದವರು? ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೈಲಾದದ್ದು ಕೊಟ್ಟವರು? ಎಲ್ಲರೂ! ಈಗ ಹೇಳಿ, ಚುನಾವಣೆಗೆ ನಿಂತ ಒಬ್ಬ ಒಳ್ಳೆಯ ಮನುಷ್ಯನಿಗೆ, ಒಬ್ಬ ಒಳ್ಳೆಯ ಹೆಣ್ಣುಮಗಳಿಗೆ, ನೀನು ಗೆಲ್ಲಬೇಕು ಎಂದು ನಿಮ್ಮ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟವರು ಯಾರು?

ನಗುತ್ತೀರಿ! ನಗಿ, ಪರವಾಗಿಲ್ಲ. ಅವಳೂ ನಕ್ಕಿದ್ದಳು. ಈಗ ನಾನು ಹೇಳುವ ಕಥೆಯ ರೆಜಿನಾ ಎಂಬ ಹೆಂಗಸೂ ಹೀಗೆಯೇ ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಿದ್ದಳು.

ಕಾಡಿನ ಅಂಚಿಗೆ ಒಂದು ಊರು, ಆ ಊರಿಗೆ ಒಬ್ಬ ಸಾಹುಕಾರ. ಅಕ್ಕಿ ಗಿರಣಿ ಅವನದು, ಟ್ರ್ಯಾಕ್ಟರು ಅವನದು, ರೇಶನ್ ಅಂಗಡಿ ನಡೆಯುವ ಕಟ್ಟಡವೂ ಅವನದೇ. ಚುನಾವಣೆ ಬಂತೆಂದರೆ ಅವನ ಕೈ ಬಿಚ್ಚುತ್ತಿತ್ತು. ಹೆಂಗಸರಿಗೆ ಸೀರೆ, ಗಂಡಸರಿಗೆ ಬಾಟಲಿ. ಗೆದ್ದವನು ಯಾರೇ ಆಗಲಿ, ಅವನ ಮನುಷ್ಯನೇ ಆಗಿರುತ್ತಿದ್ದ.

ಊರಿನಿಂದ ಆಚೆ, ಒಂದು ಹರದಾರಿ ದೂರದಲ್ಲಿ, ಸಿದ್ದಿಗಳ ಕೇರಿ. ಸಿದ್ದಿಗಳು ಗೊತ್ತಲ್ಲ? ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಸಂತೆಯ ಸರಕಿನ ಹಾಗೆ ಮಾರಿದ ಜನ. ತಪ್ಪಿಸಿಕೊಂಡು ಕಾಡು ಹೊಕ್ಕು, ಕಾಡಿನಲ್ಲೇ ಮನೆ ಮಾಡಿಕೊಂಡವರು. ಅವರಲ್ಲಿ ಕ್ರಿಸ್ತನನ್ನು ನಂಬುವವರಿದ್ದಾರೆ, ಅಲ್ಲಾನನ್ನು ನಂಬುವವರಿದ್ದಾರೆ, ನಮ್ಮ ದೇವರಿಗೆ ಕಾಯಿ ಒಡೆಯುವವರೂ ಇದ್ದಾರೆ. ಆದರೆ ಒಂದೇ ಕುಲ, ಒಂದೇ ಡೋಲು, ಒಂದೇ ಕುಣಿತ. ಅವರ ಕೇರಿಯ ಆಚೆ ದಿಬ್ಬದ ಮೇಲೆ ಗೌಳಿಗರ ದಡ್ಡಿ, ಅಂದರೆ ಅವರ ಹಟ್ಟಿ. ಎಮ್ಮೆ ಸಾಕಿ ಹಾಲು ಮಾರುವವರು, ಮನೆಯಲ್ಲಿ ಮರಾಠಿ ಆಡುವವರು. ಹಾಲು ಕೊಡುವ ಕೊಳ್ಳುವಷ್ಟೇ ಇವರಿಗೂ ಅವರಿಗೂ ಬಳಕೆ.

ರೆಜಿನಾ ಆ ಸಿದ್ದಿ ಕೇರಿಯ ಹಿರಿಯಳು. ಕಬ್ಬಿನ ಗದ್ದೆಯಲ್ಲಿ ಕೂಲಿ. ಆದರೆ ಕೊಡುವುದರಲ್ಲಿ ಅವಳ ಮುಂದೆ ಸಾಹುಕಾರನೂ ಸಣ್ಣವನೇ! ಚರ್ಚಿನ ಹಬ್ಬವೇ? ಮೊದಲ ಮೇಣದ ಬತ್ತಿ ಅವಳದು. ಯಾರಾದರೂ ತೀರಿಕೊಂಡರೇ? ಶವದ ಪೆಟ್ಟಿಗೆಗೆ ಹಣ ಕೂಡಿಸಲು ಮನೆ ಮನೆ ಸುತ್ತುವವಳು ಅವಳೇ. ಬಾಣಂತಿಗೆ ಕೋಳಿ, ಸೊಸೆಯೊಡನೆ ಜಗಳವಾಡಿ ಬಂದ ಮುದುಕಿಗೆ ಗಂಜಿ. ಆದರೆ ಚುನಾವಣೆ ಎಂದರೆ ಅವಳ ಲೆಕ್ಕವೇ ಬೇರೆ. ‘ಅದು ದೊಡ್ಡ ಮಂದಿ ಆಟ. ಅವರು ಆಡ್ತಾರ, ನಮಗೊಂದು ಸೀರಿ ಬರ್ತೈತಿ, ಮುಗೀತು’ ಎನ್ನುತ್ತಿದ್ದಳು. ಯಾರ ಹಾಗೆ ಮಾತಾಡಿದಳು, ಹೇಳಿ? ನಮ್ಮ ನಿಮ್ಮ ಹಾಗೆ!

ಆ ವರ್ಷ ತಾಲ್ಲೂಕು ಪಂಚಾಯಿತಿ ಚುನಾವಣೆ ಬಂತು. ಆ ಕ್ಷೇತ್ರ ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಮೀಸಲಾಯಿತು. ಸಾಹುಕಾರ ಚಿಂತೆ ಮಾಡಿದನೇ? ಒಂದು ಗಳಿಗೆಯೂ ಇಲ್ಲ. ತನ್ನ ಮನೆಯ ಅಂಗಳ ಗುಡಿಸುವ ಸಿದ್ದಿ ಹೆಂಗಸಿನ ಹೆಸರು ಬರೆಸಿದ. ಪಾಪ, ಅವಳಿಗೆ ಒಲ್ಲೆ ಎನ್ನುವ ಧೈರ್ಯವಿರಲಿಲ್ಲ. ಗೆದ್ದರೂ ಅವಳು ಗುಡಿಸುವುದು ತಪ್ಪುವುದಿಲ್ಲ, ಅಧಿಕಾರ ಇವನದು.

ಆಗ ಎದ್ದು ನಿಂತವಳು ಹಜರಾಬಿ. ಅವಳೂ ಸಿದ್ದಿ, ಅದೇ ಕೇರಿಯವಳು, ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು. ಯಾವ ಪಕ್ಷವೂ ಅವಳಿಗೆ ಟಿಕೇಟು ಕೊಡಲಿಲ್ಲ. ತಾನೇ ಹೋಗಿ ಅರ್ಜಿ ಹಾಕಿ ಬಂದಳು. ಬಂದವಳು ನೇರ, ತಾನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ರೆಜಿನಾಳ ಬಾಗಿಲಿಗೆ ಬಂದಳು.

‘ಮೌಶಿ, ನಿನ್ನ ವೋಟು ನನಗ ಬೇಕು.’

‘ಅದಕ್ಕೇನಾತು, ನಮ್ಮ ಹುಡುಗಿ ನೀ, ಹಾಕ್ತೀನಿ.’

‘ರೊಕ್ಕಾನೂ ಬೇಕು.’

ರೆಜಿನಾ ಮೊದಲು ಕಿವಿ ಮುಂದೆ ತಂದಳು, ಆಮೇಲೆ ನಕ್ಕಳು. ಒಳಗಿದ್ದ ಸೊಸೆಯನ್ನು ಕರೆದು ತೋರಿಸಿ ನಕ್ಕಳು. ‘ಎಲ್ಲಾರೂ ಕೊಟ್ಟು ವೋಟು ಕೇಳ್ತಾರ, ಇಕಿ ಇಸ್ಕೊಂಡು ವೋಟು ಕೇಳಾಕ ಬಂದಾಳ! ನಾಚಿಕಿ ಬ್ಯಾಡೇನ ನಿನಗ?’

‘ಕರಪತ್ರ ಹೊಡಸಬೇಕು ಮೌಶಿ, ಒಂದು ಗಾಡಿ ಬಾಡಿಗಿ ತಗೊಂಡು ಹಳ್ಳಿ ತಿರಗಬೇಕು. ಚರ್ಚಿಗೆ ಕೊಡ್ತಿ, ಸತ್ತವರಿಗೆ ಕೊಡ್ತಿ. ಬದುಕಿ ನಿನ್ನ ಮುಂದ ನಿಂತಾಕಿಗೆ ಯಾಕ ಕೊಡಂಗಿಲ್ಲ?’

‘ದೇವರು ತಿನ್ನಂಗಿಲ್ಲವ್ವ. ರಾಜಕೀಯದವರು ತಿಂತಾರ. ಇನ್ನೊಂದು ಹೇಳ್ತೀನಿ ಕೇಳು, ನಾ ಕೊಡೋ ಹತ್ತು ರೂಪಾಯಿ ಸಾವಕಾರನ ಜೀಪಿನ ಹೊಗಿಗೂ ಸಾಲಂಗಿಲ್ಲ. ಸುಮ್ಮನ ಯಾಕ ನೀರಾಗ ಹಾಕ್ಲಿ?’

ಹಜರಾಬಿ ಸಿಟ್ಟಾಗಲಿಲ್ಲ. ಚಪ್ಪಲಿ ಮೆಟ್ಟುತ್ತಾ ಹೇಳಿದಳು, ‘ರೊಕ್ಕ ಸಾವಕಾರನ ಹತ್ರ ಕೇಳಿದ್ರ ಈಗ ಕೊಡ್ತಾನ ಮೌಶಿ. ಅವನ ಹತ್ರ ಇಸ್ಕೊಂಡ್ರ ನಾ ಅವನ ಮಾತು ಕೇಳಬೇಕಾಗ್ತೈತಿ. ನನಗ ನಿಮ್ಮ ಮಾತು ಕೇಳೋ ಆಸೆ ಐತಿ. ಅದಕ್ಕ ನಿನ್ನ ಬಾಗಲಿಗೆ ಬಂದೆ.’

ನೋಡಿ, ಈ ಮಾತನ್ನು ಇನ್ನೊಂದು ಸಲ ಹೇಳುತ್ತೇನೆ. ‘ಅವನ ಹತ್ರ ಇಸ್ಕೊಂಡ್ರ ಅವನ ಮಾತು ಕೇಳಬೇಕಾಗ್ತೈತಿ. ನನಗ ನಿಮ್ಮ ಮಾತು ಕೇಳೋ ಆಸೆ ಐತಿ.’ ಎಷ್ಟು ಸರಳ! ಆದರೆ ರೆಜಿನಾಳಿಗೆ ಆ ಹೊತ್ತಿಗೆ ತಿಳಿಯಲಿಲ್ಲ. ‘ಹೋಗಿ ಬಾ ಹೋಗಿ ಬಾ’ ಎಂದು ಕಳಿಸಿಬಿಟ್ಟಳು.

ಅದೇ ವಾರ ರೇಶನ್ ದಿನ ಬಂತು. ರೇಶನ್ ಎಂದರೆ ಆ ಕೇರಿಗೆ ಒಂದು ದಿನದ ಕೂಲಿ ಹೋದಂತೆ. ಬೆಳಿಗ್ಗೆ ನಡೆದು ಹೋಗಿ ಗಿರಣಿ ಅಂಗಳದಲ್ಲಿ ಸಾಲು ನಿಲ್ಲಬೇಕು. ರೆಜಿನಾಳ ಸರದಿ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಗುರುತು ಬೀಳಲಿಲ್ಲ. ಕಬ್ಬಿನ ರವದಿ, ಆ ಒಣ ಗರಿ, ಎಳೆದು ಎಳೆದು ಬೆರಳಿನ ಗೆರೆ ಸವೆದು ಹೋದ ಕೈ ಅದು. ಸೆರಗಿಗೆ ಒರೆಸಿ ಇಟ್ಟಳು, ಉಗುಳು ಹಚ್ಚಿ ಇಟ್ಟಳು, ಎಡಗೈಯದು ಇಟ್ಟಳು. ‘ಆಗಂಗಿಲ್ಲಬೇ, ಮುಂದಿನ ತಿಂಗಳ ಬಾ’ ಎಂದ ಅಂಗಡಿಯವನು.

ಅಷ್ಟರಲ್ಲಿ ಸಾಹುಕಾರ ಗಿರಣಿಯಿಂದ ಹೊರಗೆ ಬಂದ. ರೆಜಿನಾ ಕೈ ಮುಗಿದಳು.

‘ಸಾವಕಾರ್ರ, ನಿಮ್ಮ ಮಂದಿನ ಇಷ್ಟು ವರ್ಷ ಆರಿಸಿ ಬಂದಾರ. ನಮ್ಮ ಕೇರಿಗೆ ತಿಂಗಳಿಗೆ ಒಂದೆರಡು ದಿನ ಆದ್ರೂ ಅಕ್ಕಿ ಅಲ್ಲೇ ಸಿಗೋ ಹಂಗ ಮಾಡಸ್ರಿ. ಮುದುಕ್ಯಾರು ನಡಿಲಾರದ ಸಾಯಾಕತ್ತಾರ.’

ಸಾಹುಕಾರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು! ಅವನು ನಗುಮೊಗದಲ್ಲೇ ಕೇಳಿದ, ‘ರೆಜಿನಾ, ಈಗ ಉಟ್ಟೀಯಲ್ಲ, ಈ ಸೀರಿ ಯಾರು ಕೊಟ್ಟಿದ್ದು?’

ರೆಜಿನಾ ತನ್ನ ಮೈಮೇಲಿನ ಸೀರೆ ನೋಡಿಕೊಂಡಳು. ‘ನೀವ ರೀ. ಹೋದ ಎಲೆಕ್ಷನ್ನಾಗ.’

‘ಇಸ್ಕೊಂಡಿ, ವೋಟು ಹಾಕಿದಿ. ಅಲ್ಲಿಗೆ ಲೆಕ್ಕ ಚುಕ್ತಾ ಆತಲ್ಲ? ಮತ್ತೇನು ಕೇಳ್ತಿ?’

ಅಷ್ಟೇ ಹೇಳಿ ಜೀಪು ಹತ್ತಿದ. ಸಾಲಿನಲ್ಲಿ ನಿಂತವರು ತಮ್ಮ ತಮ್ಮ ಸೆರಗು ಎಳೆದುಕೊಂಡರು. ಯಾಕೆ? ಎಲ್ಲರ ಮೈಮೇಲೂ ಅದೇ ಸೀರೆ! ಹಸಿರು, ಕೆಂಪು, ನೀಲಿ, ಬಣ್ಣ ಮಾತ್ರ ಬೇರೆ.

ಖಾಲಿ ಚೀಲ ಹಿಡಿದು ರೆಜಿನಾ ತಿರುಗಿ ಹೊರಟಳು. ದಾರಿಯುದ್ದಕ್ಕೂ ಆ ಒಂದೇ ಮಾತು ಅವಳ ಕಿವಿಯಲ್ಲಿ. ಚುಕ್ತಾ. ಚುಕ್ತಾ. ಅವಳ ಅಜ್ಜಿಯ ಅಜ್ಜಿಯನ್ನು ಯಾರೋ ದುಡ್ಡು ಕೊಟ್ಟು ಕೊಂಡಿದ್ದರಂತೆ, ಆ ಕಥೆ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಆಗ ಕೊಂಡವನು ಕೊಂಡ ಮೇಲೆ ಏನು ಹೇಳಿರಬೇಕು? ಇದೇ ಮಾತಲ್ಲವೇ! ಅಜ್ಜಿಯನ್ನಾದರೂ ಕಟ್ಟಿಹಾಕಿ ಮಾರಿದರು. ತಾನು? ತಾನೇ ಕೈ ಒಡ್ಡಿ, ಬಣ್ಣ ಆರಿಸಿ, ಇಸ್ಕೊಂಡು ಬಂದವಳು. ರೆಜಿನಾ ದಾರಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ ಅವಳಿಗೆ. ಮೈಯೆಲ್ಲ ಉರಿಯಿತು.

ಆ ದಾರಿಯಲ್ಲಿ ಖಾಲಿ ಹಾಲಿನ ಕ್ಯಾನು ಹೊತ್ತು ಬಂದವಳು ಧೋಂಡುಬಾಯಿ, ಗೌಳಿಗರ ಹೆಂಗಸು, ರೆಜಿನಾಳ ಓರಗೆಯವಳು. ‘ಯಾಕ ಬಾಯಿ, ಹಿಂಗ ಕುಂತಿ?’ ಎಂದಳು. ರೆಜಿನಾ ನಡೆದದ್ದನ್ನೆಲ್ಲ ಹೇಳಿದಳು, ಹಜರಾಬಿ ಬಂದದ್ದನ್ನೂ ತಾನು ನಕ್ಕದ್ದನ್ನೂ ಸೇರಿಸಿ.

ಧೋಂಡುಬಾಯಿ ಕ್ಯಾನು ಇಳಿಸಿ ಪಕ್ಕದಲ್ಲಿ ಕೂತಳು. ‘ನಿನ್ನನ್ನ ಕೇಳಿದಳಾ? ನಿಜವಾಗಲೂ ಬಂದು ಕೇಳಿದಳಾ? ನಮ್ಮ ದಡ್ಡಿಗೆ ಎಲ್ಲಾ ಪಾರ್ಟಿಯವರೂ ಬರ್ತಾರ. ಗಂಡಸರನ್ನ ಕರೀತಾರ, ಗಂಡಸರ ಹತ್ರ ಮಾತಾಡಿ ಹೋಗ್ತಾರ. ನಾವು ಚಾ ಕಾಸಿ ಕೊಡ್ತೀವಿ. ನೀ ಏನು ಕೊಡ್ತಿ, ನಿನಗ ಏನು ಬೇಕು ಅಂತ ಈ ಮುಖ ನೋಡಿ ಯಾರೂ ಕೇಳಿಲ್ಲ ಬಾಯಿ. ಕೇಳಿದ್ರ ನಾ ಕೊಡ್ತಿದ್ದೆ!’

ಕೇಳಿದಿರಾ ತಾಯಂದಿರೇ? ಕೊಡುವ ಮನಸ್ಸು ಇರಲಿಲ್ಲ ಎಂದಲ್ಲ. ಯಾರೂ ಕೇಳಿರಲಿಲ್ಲ. ಕೇಳಿದವಳು ಬಂದಾಗ ಬಾಗಿಲಲ್ಲೇ ನಕ್ಕು ಕಳಿಸಿಬಿಟ್ಟರು!

ರೆಜಿನಾ ಎದ್ದಳು. ಮನೆಗೆ ಹೋಗಲಿಲ್ಲ. ಸೀದಾ ಹಜರಾಬಿಯ ಹೊಲಿಗೆ ಯಂತ್ರದ ಮುಂದೆ ಹೋಗಿ ನಿಂತಳು. ‘ಭಾನುವಾರ ನಮ್ಮ ಕೇರಿ ಮೈದಾನಕ್ಕ ಬಾ. ಒಬ್ಬಾಕಿ ಕೊಟ್ರ ಸಾಲಂಗಿಲ್ಲ. ಎಲ್ಲಾರೂ ಕೊಡಬೇಕು, ಎಲ್ಲಾರ ಕಣ್ಣ ಮುಂದ ಕೊಡಬೇಕು. ಗೌಳಿಗರ ದಡ್ಡಿಗೂ ಹೋಗಿ ಹೆಣ್ಮಕ್ಕಳನ್ನ ಕೇಳು.’

ಆ ಭಾನುವಾರ ನೋಡಬೇಕಿತ್ತು ನೀವು! ಸಿದ್ದಿಗಳ ಡೋಲು ಕೇಳಿದ್ದೀರಾ? ಅದು ಕಿವಿಗೆ ಬಡಿಯುವುದಿಲ್ಲ, ನೇರ ಎದೆಗೇ ಬಡಿಯುತ್ತದೆ. ಮೈದಾನದ ನಡುವೆ ಒಂದು ಮೊರ ಇಟ್ಟರು. ರೆಜಿನಾ ಒಂದು ನಿಯಮ ಮಾಡಿದಳು. ರೊಕ್ಕ ಹಾಕುವವಳು ಸುಮ್ಮನೆ ಹಾಕಿ ಹೋಗುವಂತಿಲ್ಲ. ತನಗೆ ಏನು ಬೇಕು ಎಂದು ಬಾಯಿ ಬಿಟ್ಟು ಹೇಳಿ ಹಾಕಬೇಕು.

ಮೊದಲು ಯಾರೂ ಏಳಲಿಲ್ಲ. ಗಂಡಸರು ದೂರದಲ್ಲಿ ನಿಂತು ನಗುತ್ತಿದ್ದರು. ರೆಜಿನಾ ತಾನೇ ಎದ್ದಳು. ನೋಟು ಮೊರಕ್ಕೆ ಹಾಕಿದಳು. ‘ನನಗ...’ ಎಂದಳು. ಮಾತು ನಿಂತಿತು. ನಿನಗೆ ಏನು ಬೇಕು ಎಂದು ಯಾರೂ ಕೇಳದೆ ಅವಳ ತಲೆ ನರೆತಿತ್ತು, ಈಗ ಬೇಕಾದದ್ದು ಹೇಗೆ ಬಾಯಿಗೆ ಬರಬೇಕು? ಡೋಲು ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ಆಗ ಅವಳು ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು.

‘ಈ ಬೆರಳ ಮಷೀನು ನಂಬಂಗಿಲ್ಲ. ಮಷೀನು ನಂಬದಿದ್ರ ನನ್ನ ಬಾಯಿ ಮಾತು ನಂಬಬೇಕು. ನನ್ನ ಅಕ್ಕಿ ನನ್ನ ಕೇರ್ಯಾಗ ಸಿಗಬೇಕು. ಹಜರಾ, ಅದಕ್ಕ ಕೊಟ್ಟೀನಿ. ನೆನಪಿಟ್ಕೊ!’

ಡೋಲು ಗುಡುಗಿತು! ಒಬ್ಬೊಬ್ಬರೇ ಎದ್ದರು. ಒಬ್ಬಳು ಚಿಲ್ಲರೆ ಹಾಕಿ, ‘ಶಾಲೀಗೆ ಮಾಸ್ತರ್ರು ಬರಬೇಕು’ ಎಂದಳು. ಒಬ್ಬಳು ಕೋಳಿಮೊಟ್ಟೆ ತಂದಿಟ್ಟು, ‘ಮಾರಿ ತಗೊ, ನಮ್ಮ ಕೇರಿಗೆ ಲೈಟು ಬೇಕು’ ಎಂದಳು. ಒಬ್ಬ ಹಣ್ಣು ಮುದುಕಿ ನಾಣ್ಯ ಹಾಕಿ ಏನೆಂದಳು ಗೊತ್ತೇ? ‘ನನಗೇನೂ ಬ್ಯಾಡವ್ವ. ಸೋತ್ರೂ ನಮ್ಮ ಕಡೆ ಬಂದು ಮುಖ ತೋರಸು.’ ಹಜರಾಬಿ ಅಲ್ಲಿಯೇ ಮುಖ ಮುಚ್ಚಿಕೊಂಡು ಅತ್ತಳು.

ಅಷ್ಟರಲ್ಲಿ ದಿಬ್ಬ ಇಳಿದು ಗೌಳಿಗರ ಹೆಂಗಸರು ಬಂದರು, ಧೋಂಡುಬಾಯಿ ಮುಂದೆ. ಹಾಲಿನ ಕ್ಯಾನು ಇಲ್ಲದೆ ಅವರು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಧೋಂಡುಬಾಯಿ ಮೊರದ ಮುಂದೆ ನಿಂತು ಹೇಳಿದಳು, ‘ನಮ್ಮ ಎಮ್ಮಿ ಕಾಡಿಗೆ ಹೋದ್ರ ದಂಡ ಹಾಕ್ತಾರ. ಅದನ್ನ ಕೇಳೋರು ಬೇಕು. ನೀ ನಮ್ಮ ಕುಲದಾಕಿ ಅಲ್ಲ, ಆದ್ರ ನೀ ಕೇಳಾಕ ಬಂದಿ. ತಗೊ!’

ಮೊರ ತುಂಬಿತು. ಸಾಹುಕಾರನ ಖರ್ಚಿನ ಮುಂದೆ ಅದೇನು ದೊಡ್ಡದಲ್ಲ. ಬಾಡಿಗೆ ಗಾಡಿಗೂ ಸಾಲಲಿಲ್ಲ. ಕರಪತ್ರ ಮಾತ್ರ ಹೊಡೆಸಲು ಆಯಿತು. ಮತ್ತೆ ಹಳ್ಳಿ ಹಳ್ಳಿ ಹಂಚುವವರು ಯಾರು? ಗೌಳಿಗರ ಹೆಂಗಸರು ದಿನಾ ಬೆಳಿಗ್ಗೆ ಯಾವ ಮನೆಯ ಬಾಗಿಲಿಗೆ ಹೋಗುವುದಿಲ್ಲ ಹೇಳಿ! ಪಾತ್ರೆಗೆ ಹಾಲು, ಕೈಗೆ ಕರಪತ್ರ. ‘ಇಕಿಗೆ ನಾವು ರೊಕ್ಕ ಕೊಟ್ಟೀವಿ’ ಎಂದು ಒಂದು ಮಾತು ಬೇರೆ. ರೊಕ್ಕ ಕೊಟ್ಟೀವಿ ಎಂದ ಕೂಡಲೇ ಜನ ಕತ್ತೆತ್ತಿ ನೋಡುತ್ತಿದ್ದರು. ಇದೇನು ಹೊಸದು! ಯಾರವಳು?

ಸಾಹುಕಾರನ ಜೀಪು ಬಂತು, ಸೀರೆಯ ಗಂಟು ಬಂತು. ಎಲ್ಲರೂ ಬೇಡ ಎಂದರೇ? ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಕೆಲವರು ತೆಗೆದುಕೊಂಡರು. ಹೊಸ ಸೀರೆ ಉಡದೆ ಎರಡು ವರ್ಷವಾದವಳು ತೆಗೆದುಕೊಂಡರೆ ಅವಳನ್ನು ಬೈಯುವ ಬಾಯಿ ನನಗಿಲ್ಲ. ಆದರೆ ಬಹಳ ಮಂದಿ ಬಾಗಿಲಲ್ಲೇ ನಿಂತು, ‘ಈ ಸಲ ನಾವು ಕೊಟ್ಟೀವಿ, ಇಸ್ಕೊಳ್ಳಂಗಿಲ್ಲ’ ಎಂದರು. ಜೀಪಿನ ಹುಡುಗರಿಗೆ ಆ ಮಾತು ಅರ್ಥವೇ ಆಗಲಿಲ್ಲ.

ಎಣಿಕೆಯ ದಿನ ರೆಜಿನಾಳೂ ಧೋಂಡುಬಾಯಿಯೂ ತಾಲ್ಲೂಕಿನ ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಒಳಗಿನಿಂದ ಮೈಕಿನಲ್ಲಿ ಹೇಳುತ್ತಿದ್ದರು. ಮೊದಲ ಸುತ್ತು, ಹಜರಾಬಿ ಹಿಂದೆ. ಎರಡನೆಯ ಸುತ್ತು, ಇನ್ನೂ ಹಿಂದೆ! ಸಾಹುಕಾರನ ಕಡೆಯವರು ಹೂವಿನ ಹಾರ ತರಲು ಆಳು ಓಡಿಸಿದರು. ರೆಜಿನಾ ಗೇಟಿನ ಸರಳು ಹಿಡಿದು ಕಿವಿಗೊಟ್ಟಳು. ಅವಳು ಇಷ್ಟು ಚುನಾವಣೆ ಕಂಡವಳು, ಯಾವತ್ತಾದರೂ ಗೇಟಿನ ಹೊರಗೆ ನಿಂತಿದ್ದಳೇ? ಯಾವತ್ತಾದರೂ ಮೈಕಿಗೆ ಹೀಗೆ ಕಿವಿ ಕೊಟ್ಟಿದ್ದಳೇ? ಇಲ್ಲ! ಯಾಕೆಂದರೆ ಆಗ ಅವಳದೇನೂ ಅಲ್ಲಿ ಇರಲಿಲ್ಲ. ಈಗ ಅವಳ ಗಂಟಿನ ರೊಕ್ಕ ಅಲ್ಲಿತ್ತು, ಅವಳ ಮಾತು ಅಲ್ಲಿತ್ತು. ಕೊನೆಗೆ ಕಾಡಂಚಿನ ಊರುಗಳ ಮತಗಳನ್ನು ಎಣಿಸಿದರು. ಮೈಕು ಗರಗರ ಎಂದಿತು. ಹಜರಾಬಿ! ಹಜರಾಬಿ ಗೆದ್ದಳು!

ಧೋಂಡುಬಾಯಿ ಚಪ್ಪಲಿ ಕಳಚಿ ಕುಣಿದಳು. ಸಿದ್ದಿಗಳ ಕುಣಿತ ಅವಳಿಗೆ ಬರುತ್ತಿರಲಿಲ್ಲ, ಆದರೂ ಕುಣಿದಳು. ರೆಜಿನಾ ಅವಳನ್ನು ತಬ್ಬಿ ಹಿಡಿದು ‘ಗೆದ್ವಿ’ ಎಂದಳು. ‘ಗೆದ್ದಳು’ ಎನ್ನಲಿಲ್ಲ, ಗಮನಿಸಿ. ‘ಗೆದ್ವಿ’ ಎಂದಳು.

ಕಥೆ ಮುಗಿಯಿತು ಎಂದುಕೊಂಡಿರಾ? ಕೆಲವರು ಎದ್ದು ಸೆರಗು ಕೊಡವಿಕೊಳ್ಳುತ್ತಿದ್ದೀರಿ. ಕೂತುಕೊಳ್ಳಿ! ಮುಖ್ಯವಾದದ್ದು ಈಗ ಬರುತ್ತದೆ.

ಗೆದ್ದ ಮೇಲೆ ತಿಂಗಳುಗಳು ಕಳೆದವು. ಅಕ್ಕಿ ಕೇರಿಗೆ ಬರಲಿಲ್ಲ. ಹಜರಾಬಿ ಕಚೇರಿಗೆ ಹೋಗುತ್ತಿದ್ದಳು, ಅಧಿಕಾರಿಗಳು ‘ನೋಡೋಣ’ ಎನ್ನುತ್ತಿದ್ದರು. ಅವಳಿಗೂ ಕೇರಿಯ ಕಡೆ ಬರಲು ನಾಚಿಕೆ. ಕೇರಿಯಲ್ಲಿ ಮಾತು ಶುರುವಾಯಿತು. ‘ಇಕಿನೂ ತಿಂದ್ಲು. ನಾ ಹೇಳಿದ್ದಿಲ್ಲೇನ?’ ರೆಜಿನಾಳಿಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಆದರೆ ಅವಳು ಹೇಳಿದಳು, ‘ತಿಂದಾಳೋ ಇಲ್ಲೋ, ಮನ್ಯಾಗ ಕುಂತ್ರ ಹೆಂಗ ಗೊತ್ತಾಗ್ತೈತಿ? ಇಸ್ಕೊಂಡವರು ಸುಮ್ಮನ ಕೂಡಬಹುದು. ನಾವು ಕೊಟ್ಟೀವಿ. ನಡೀರಿ!’

ಪಂಚಾಯಿತಿ ಸಭೆಯ ದಿನ ಎಲ್ಲ ಹೆಂಗಸರೂ ಬಸ್ಸು ಹತ್ತಿ ತಾಲ್ಲೂಕಿಗೆ ಹೋದರು. ಬಾಗಿಲಲ್ಲಿ ಜವಾನ ತಡೆದ. ‘ಯಾರು ನೀವು? ಅರ್ಜಿ ತಗೊಳ್ಳೋದು ಸೋಮವಾರ.’

‘ನಾವು ರೊಕ್ಕ ಕೊಟ್ಟವರು’ ಎಂದಳು ರೆಜಿನಾ.

ಜವಾನನ ಮುಖ ಬಿಳಿಚಿತು. ‘ಏ, ಸಣ್ಣಗ ಮಾತಾಡಬೇ! ಯಾರಿಗೆ ಕೊಟ್ಟಿ? ಇಲ್ಲಿ ಯಾರೂ ಇಸ್ಕೊಳ್ಳಂಗಿಲ್ಲ!’

ನಗಿ, ನಗಿ! ಅವನಿಗೆ ಗೊತ್ತಿದ್ದ ಕೊಡುವುದು ಅದೊಂದೇ. ಮೇಜಿನ ಕೆಳಗೆ ಕೊಡುವುದು. ಮೊರಕ್ಕೆ, ಬಿಸಿಲಲ್ಲಿ, ಡೋಲು ಬಾರಿಸಿ ಕೊಡುವುದು ಅವನಿಗೆ ಹೇಗೆ ಗೊತ್ತಿರಬೇಕು?

ಹೆಂಗಸರು ಅವನನ್ನು ಸರಿಸಿ ಒಳಗೆ ನಡೆದರು, ಗದ್ದಲ ಕೇಳಿ ಒಳಗಿನವರು ತಿರುಗಿದರು. ಸದಸ್ಯರೆಲ್ಲ ಕೂತಿದ್ದಾರೆ, ಅಧಿಕಾರಿಗಳು ಕೂತಿದ್ದಾರೆ. ಒಬ್ಬ ಸದಸ್ಯ, ‘ಯಾರು ಇವರನ್ನ ಒಳಗ ಬಿಟ್ಟವರು?’ ಎಂದು ರೇಗಿದ. ರೆಜಿನಾ ಹಜರಾಬಿಯ ಮುಖ ನೋಡಿದಳು. ಒಂದು ಗಳಿಗೆ. ಆ ಒಂದು ಗಳಿಗೆಯಲ್ಲಿ ಎಲ್ಲವೂ ಇತ್ತು, ತಾಯಂದಿರೇ! ಹಜರಾಬಿ ಮುಖ ತಿರುಗಿಸಿದರೆ ಮೊರ, ಡೋಲು, ಮುದುಕಿಯ ನಾಣ್ಯ ಎಲ್ಲವೂ ನೀರಲ್ಲಿ.

ಹಜರಾಬಿ ಕೂತ ಕುರ್ಚಿಯಿಂದ ಎದ್ದಳು. ‘ನನ್ನ ಸಾವಕಾರ್ರು ಬಂದಾರ್ರಿ. ಕುರ್ಚಿ ಹಾಕಸ್ರಿ’ ಎಂದಳು.

ಕುರ್ಚಿ ಸಾಲಲಿಲ್ಲ, ಬೆಂಚು ತಂದರು. ಹೆಂಗಸರು ಕೂತರು. ಹಜರಾಬಿ ನಿಂತುಕೊಂಡೇ ರೇಶನ್ ಇಲಾಖೆಯ ಅಧಿಕಾರಿಯ ಕಡೆ ತಿರುಗಿದಳು. ‘ಇಷ್ಟು ದಿನ ನನಗ ನೋಡೋಣ ಅಂದ್ರಿ. ಈಗ ಇವರಿಗೆ ಹೇಳ್ರಿ, ಯಾವಾಗ ನೋಡ್ತೀರಿ?’ ಅಷ್ಟು ಮಂದಿ ಕಣ್ಣು ನೆಟ್ಟು ಕೂತಿರುವಾಗ ನೋಡೋಣ ಎನ್ನುವುದು ಸುಲಭವೇ? ಅವನು ತಾರೀಕು ಹೇಳಿದ. ಮಳೆ ಹಿಡಿಯುವ ಮೊದಲೇ ತಿಂಗಳಿಗೆ ಎರಡು ದಿನ ಅಕ್ಕಿಯ ಗಾಡಿ ಸಿದ್ದಿ ಕೇರಿಗೇ ಬರತೊಡಗಿತು. ಗೌಳಿಗರೂ ಅಲ್ಲಿಯೇ ಬಂದು ಒಯ್ಯುತ್ತಾರೆ. ಬೆರಳು ಬೀಳದವರ ಹೆಸರು ಕರೆದು, ಮುಖ ನೋಡಿ ಕೊಡುತ್ತಾರೆ. ಎಮ್ಮೆಯ ದಂಡದ ಜಗಳ ಇನ್ನೂ ಮುಗಿದಿಲ್ಲ. ಧೋಂಡುಬಾಯಿ ಬಿಟ್ಟಿಲ್ಲ, ಬಿಡುವವಳೂ ಅಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ, ಅದು ನನ್ನ ಕೆಲಸವಲ್ಲ. ಆದರೆ ಇದನ್ನು ಕೇಳುವುದು ನನ್ನ ಕೆಲಸ. ರಾಜಕೀಯ ಹೊಲಸು ಎನ್ನುತ್ತೀರಿ. ಹೌದು, ಹೊಲಸು. ಹೊಲಸು ಮಾಡಿದವರು ಯಾರ ದುಡ್ಡಿನಿಂದ ಮಾಡಿದರು? ನಿಮ್ಮ ದುಡ್ಡಿನಿಂದಲ್ಲ! ದುಡ್ಡು ಹಾಕಿದವನ ಮಾತು ನಡೆಯಿತು. ನೀವು ಹಾಕಲಿಲ್ಲ, ನಿಮ್ಮ ಮಾತು ನಡೆಯಲಿಲ್ಲ. ನನ್ನ ಹತ್ತು ರೂಪಾಯಿ ಯಾವ ಲೆಕ್ಕ ಎನ್ನುತ್ತೀರಿ. ಹತ್ತು ರೂಪಾಯಿಯ ಬೆಲೆ ಹತ್ತು ರೂಪಾಯಿ ಅಲ್ಲ ತಾಯಿ. ಅದನ್ನು ಕೊಟ್ಟವಳು ಕಚೇರಿಯ ಬಾಗಿಲಲ್ಲಿ ತಲೆ ಎತ್ತಿ ನಿಲ್ಲುತ್ತಾಳೆ, ಅದು ಅದರ ಬೆಲೆ.

ನಾಳೆಯಿಂದ ಏನು ಮಾಡಬೇಕು? ವೋಟು ಕೇಳಲು ಬಂದವರ ಕೈಯಲ್ಲಿ ಏನಿದೆ ಎಂದು ನೋಡುವುದನ್ನು ಬಿಡಿ. ‘ನಿನಗೆ ಯಾರು ಕೊಟ್ಟರು?’ ಎಂದು ಕೇಳಿ. ಕೇಳುವುದಕ್ಕೆ ಗಂಡನನ್ನು ಮುಂದೆ ಬಿಡಬೇಡಿ, ನೀವೇ ಕೇಳಿ. ಒಳ್ಳೆಯವರು ಕಂಡರೆ ಕೊಡಿ, ನಾಲ್ಕು ಜನರ ಎದುರಿಗೆ ಕೊಡಿ, ಏನು ಬೇಕು ಎಂದು ಬಾಯಿ ಬಿಟ್ಟು ಹೇಳಿ ಕೊಡಿ. ಕೊಟ್ಟ ಮೇಲೆ ಮನೆಯಲ್ಲಿ ಕೂರಬೇಡಿ, ಹೋಗಿ ಕೇಳಿ. ಮಠಕ್ಕೆ ಈ ವರ್ಷ ಒಂದು ಹಿಡಿ ಕಡಿಮೆ ಕೊಟ್ಟರೂ ಮಠ ಬೀಳುವುದಿಲ್ಲ, ಮಠದಲ್ಲಿರುವ ನಾನೇ ಹೇಳುತ್ತಿದ್ದೇನೆ!

ಮತ್ತೆ ಇವತ್ತು, ಈಗ, ಇಲ್ಲಿಂದ ಎದ್ದು ಮನೆಗೆ ಹೋಗುವ ದಾರಿಯಲ್ಲಿ, ನಿಮ್ಮ ಪಕ್ಕ ನಡೆಯುವವಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿ. ‘ನಮ್ಮಲ್ಲಿ ಚುನಾವಣೆಗೆ ನಿಲ್ಲುವವಳು ಯಾರು?’ ಅವಳು ನಕ್ಕರೆ ನಗಲಿ. ಇನ್ನೊಂದು ಸಲ ಕೇಳಿ. ಅವಳು ನಿಮ್ಮ ಹೆಸರೇ ಹೇಳಿಬಿಟ್ಟರೆ?

ಆಗ ನೀವು ನಗಬೇಡಿ.